ಸ್ಪೀಕರ್ ಕೈಯಲ್ಲಿರುವ ಗಡಿಯಾರ

2018ರ ಬಜೆಟ್ ಅಧಿವೇಶನದ ಎರಡನೆಯ ಭಾಗದಲ್ಲಿ ಲೋಕಸಭೆ ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ. ಕಾವೇರಿ ನಿರ್ವಹಣಾ ಮಂಡಳಿ ರಚಿಸಬೇಕೆಂದು ಅಣ್ಣಾ ಡಿಎಂಕೆ ಸದಸ್ಯರು, ಮೀಸಲಾತಿಯ ಪ್ರಶ್ನೆ ಹಿಡಿದು ತೆಲಂಗಾಣ ರಾಷ್ಟ್ರ ಸಮಿತಿಯವರು ದಿನವೂ ಸದನದ ಬಾವಿಗಿಳಿಯುತ್ತಿದ್ದರು. ಮಾರ್ಚ್ 14ರಂದು ಆ ಗದ್ದಲದ ನಡುವೆಯೇ ಹಣಕಾಸು ಮಸೂದೆಯೂ ಸಚಿವಾಲಯಗಳ ಅನುದಾನದ ಬೇಡಿಕೆಗಳೂ ಚರ್ಚೆಯಿಲ್ಲದೆ ಧ್ವನಿಮತದಿಂದ ಅಂಗೀಕಾರವಾದವು. ಎರಡು ದಿನ ಕಳೆದು, ಆಂಧ್ರಪ್ರದೇಶದ ವಿಶೇಷ ಸ್ಥಾನಮಾನದ ವಿಚಾರವಾಗಿ ವೈಎಸ್‌ಆರ್ ಕಾಂಗ್ರೆಸ್ ಮತ್ತು ತೆಲುಗುದೇಶಂ ಸದಸ್ಯರು ಕೊಟ್ಟಿದ್ದ ಅವಿಶ್ವಾಸ ನಿರ್ಣಯದ ನೋಟಿಸುಗಳು ಸದನದ ಮುಂದೆ ಬಂದವು. ಅಂಥ ನಿರ್ಣಯಕ್ಕೆ ಅನುಮತಿ ಸಿಗಬೇಕಾದರೆ 50 ಸದಸ್ಯರು ಎದ್ದು ನಿಂತು ಬೆಂಬಲ ತೋರಿಸಬೇಕು. ಸದನ ಶಿಸ್ತಿನಲ್ಲಿಲ್ಲದ ಕಾರಣ ಎದ್ದು ನಿಂತವರನ್ನು ಎಣಿಸಲು ಆಗದು ಎಂದು ಸ್ಪೀಕರ್ ಸುಮಿತ್ರಾ ಮಹಾಜನ್ ಕಲಾಪ ಮುಂದೂಡಿದರು. ಮರುದಿನಗಳಲ್ಲೂ ಅದೇ ನೋಟಿಸು, ಅದೇ ಗದ್ದಲ, ಅದೇ ಮುಂದೂಡಿಕೆ. ಏಪ್ರಿಲ್ 6ಕ್ಕೆ ಅಧಿವೇಶನವೇ ಮುಗಿದುಹೋಯಿತು.

ಮುಂದೆ ಜುಲೈ 18ರಂದು ನಿರ್ಣಯಕ್ಕೆ ಅನುಮತಿ ದೊರೆಯಿತು, 20ರಂದು ಚರ್ಚೆ ನಡೆದು 325–126 ಮತಗಳಿಂದ ಬಿದ್ದುಹೋಯಿತು. ಸರ್ಕಾರಕ್ಕೆ ಯಾವ ಹಂತದಲ್ಲೂ ಅಪಾಯವಿರಲಿಲ್ಲ ಎಂಬುದು ನಿಜ. ಆದರೆ ಇಲ್ಲಿ ಗಮನಿಸಬೇಕಾದುದು ಫಲಿತಾಂಶವನ್ನಲ್ಲ. ಲಕ್ಷಾಂತರ ಕೋಟಿ ರೂಪಾಯಿಗಳ ವೆಚ್ಚಕ್ಕೆ ಒಪ್ಪಿಗೆ ಕೊಡಲು ಅಡ್ಡಿಯಾಗದ ಗದ್ದಲ, 50 ತಲೆ ಎಣಿಸುವುದಕ್ಕೆ ಮಾತ್ರ ಅಡ್ಡಿಯಾಯಿತು. ಎರಡೂ ನಿರ್ಧಾರಗಳು ನಿಯಮದ ಒಳಗೇ ಇದ್ದವು, ಎರಡನ್ನೂ ಒಂದೇ ಪೀಠ ತೆಗೆದುಕೊಂಡಿತು. ಅನುಮತಿ ದೊರೆತ ನಿರ್ಣಯವನ್ನು 10 ದಿನಗಳೊಳಗೆ ಚರ್ಚೆಗೆ ತರಬೇಕೆಂದು ಲೋಕಸಭೆಯ 198ನೇ ನಿಯಮ ಹೇಳುತ್ತದೆ. ಅನುಮತಿ ಕೇಳುವ ಆ ಮೊದಲ ಗಳಿಗೆ ಎಷ್ಟು ದಿನ ಮುಂದಕ್ಕೆ ಹೋಗಬಹುದೆಂಬುದಕ್ಕೆ ಮಾತ್ರ ಗಡುವಿಲ್ಲ.

ಸ್ಪೀಕರ್ ಹುದ್ದೆಯ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯುವಾಗಲೆಲ್ಲ ಅವರು ಕೊಟ್ಟ ತೀರ್ಪುಗಳ ಸರಿತಪ್ಪುಗಳನ್ನು ತೂಗುತ್ತೇವೆ. ಯಾರ ಮೈಕು ನಿಂತಿತು, ಯಾರಿಗೆ ಮಾತಿಗೆ ಅವಕಾಶ ಸಿಕ್ಕಿತು, ಯಾರ ಮಾತು ಕಡತದಿಂದ ಹೋಯಿತು ಎಂಬುದರ ಮೇಲೆ ವಾದ ಬೆಳೆಯುತ್ತದೆ. ಇವು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಕಳೆದ ಮೂರು ನಾಲ್ಕು ದಶಕಗಳ ಸಂಸದೀಯ ಇತಿಹಾಸವನ್ನು ನೋಡಿದರೆ, ಪೀಠದ ಅತಿ ದೊಡ್ಡ ಅಧಿಕಾರ ಇರುವುದು ನಿರ್ಧರಿಸುವುದರಲ್ಲಿ ಅಲ್ಲ, ಯಾವಾಗ ನಿರ್ಧರಿಸಬೇಕೆಂಬುದನ್ನು ನಿರ್ಧರಿಸುವುದರಲ್ಲಿ, ಅಂದರೆ ಕಾಲದ ಮೇಲಿನ ಹಿಡಿತದಲ್ಲಿ ಎಂದು ನನಗೆ ತೋರುತ್ತದೆ. ಕೊಟ್ಟ ತೀರ್ಪನ್ನು ಟೀಕಿಸಬಹುದು, ಕೆಲವನ್ನು ನ್ಯಾಯಾಲಯದಲ್ಲೂ ಪ್ರಶ್ನಿಸಬಹುದು. ಕೊಡದೆ ಇಟ್ಟುಕೊಂಡ ತೀರ್ಪನ್ನು ಹಿಡಿದು ಯಾರ ಬಾಗಿಲಿಗೆ ಹೋಗುವುದು?

ಇದಕ್ಕೆ ಕಣ್ಣೆದುರಿಗಿರುವ ಉದಾಹರಣೆ ಉಪ ಸ್ಪೀಕರ್ ಸ್ಥಾನ. ಸಂವಿಧಾನದ 93ನೇ ವಿಧಿಯ ಪ್ರಕಾರ ಲೋಕಸಭೆಯು ತನ್ನ ಇಬ್ಬರು ಸದಸ್ಯರನ್ನು ಸ್ಪೀಕರ್ ಮತ್ತು ಉಪ ಸ್ಪೀಕರ್ ಆಗಿ 'ಆದಷ್ಟು ಬೇಗ' ಆರಿಸಿಕೊಳ್ಳಬೇಕು. ಎರಡೂ ಹುದ್ದೆಗಳಿಗೆ ಒಂದೇ ವಾಕ್ಯ, ಒಂದೇ ಕಡ್ಡಾಯ. ಆದರೆ ಲೋಕಸಭೆಯ ನಡಾವಳಿ ನಿಯಮಗಳಲ್ಲಿ ಒಂದು ಸಣ್ಣ ವ್ಯತ್ಯಾಸವಿದೆ. ಸ್ಪೀಕರ್ ಚುನಾವಣೆಯ ದಿನಾಂಕವನ್ನು ರಾಷ್ಟ್ರಪತಿ ಗೊತ್ತುಮಾಡುತ್ತಾರೆ. ಉಪ ಸ್ಪೀಕರ್ ಚುನಾವಣೆಯ ದಿನಾಂಕವನ್ನು ಗೊತ್ತುಮಾಡಬೇಕಾದವರು ಸ್ಪೀಕರ್. 2019ರಿಂದ 2024ರವರೆಗಿನ 17ನೇ ಲೋಕಸಭೆಯ ಇಡೀ ಅವಧಿಯಲ್ಲಿ ಆ ದಿನಾಂಕ ಗೊತ್ತಾಗಲೇ ಇಲ್ಲ. ಉಪ ಸ್ಪೀಕರ್ ಇಲ್ಲದೆಯೇ ಅವಧಿ ಮುಗಿಸಿದ ಮೊದಲ ಲೋಕಸಭೆ ಅದು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಕೇಂದ್ರಕ್ಕೆ ನೋಟಿಸು ಕೊಟ್ಟರೂ ಸ್ಥಾನ ತುಂಬಲಿಲ್ಲ. 18ನೇ ಲೋಕಸಭೆ ರಚನೆಯಾದಾಗ, 2024ರ ಜೂನ್‌ನಲ್ಲಿ, ಉಪ ಸ್ಪೀಕರ್ ಸ್ಥಾನ ವಿರೋಧ ಪಕ್ಷಕ್ಕೆ ಸಿಗುವ ಭರವಸೆ ದೊರೆಯದ್ದರಿಂದಲೇ ಕಾಂಗ್ರೆಸ್ಸು ಓಂ ಬಿರ್ಲಾ ಅವರ ಎದುರು ಕೆ. ಸುರೇಶ್ ಅವರನ್ನು ಸ್ಪೀಕರ್ ಸ್ಥಾನಕ್ಕೆ ನಿಲ್ಲಿಸಿತು. ಬಿರ್ಲಾ ಧ್ವನಿಮತದಿಂದ ಆಯ್ಕೆಯಾದರು. ಅದಾಗಿ ಒಂದು ವರ್ಷ ಕಳೆದ ಮೇಲೂ ಉಪ ಸ್ಪೀಕರ್ ಕುರ್ಚಿ ಖಾಲಿಯೇ ಇತ್ತು.

ಅದೊಂದು ಅಲಂಕಾರದ ಹುದ್ದೆ, ಖಾಲಿಯಿದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಸಂವಿಧಾನವನ್ನು ತೆರೆದು ನೋಡಿದರೆ ನಷ್ಟ ಕಾಣುತ್ತದೆ. ಸ್ಪೀಕರ್ ರಾಜೀನಾಮೆ ಕೊಡುವುದಾದರೆ ಪತ್ರ ಬರೆಯಬೇಕಾದುದು ಉಪ ಸ್ಪೀಕರ್‌ಗೆ. ಸ್ಪೀಕರ್ ಅವರನ್ನೇ ಪದಚ್ಯುತಗೊಳಿಸುವ ನಿರ್ಣಯ ಸದನದ ಮುಂದಿರುವಾಗ ಅವರು ಪೀಠದಲ್ಲಿ ಕೂರುವಂತಿಲ್ಲ. ಆಗ ಪೀಠಕ್ಕೆ ಬರಬೇಕಾದವರೂ ಉಪ ಸ್ಪೀಕರ್. ಅವರಿಲ್ಲದಿದ್ದರೆ ಪೀಠ ಯಾರಿಗೆ ಹೋಗುತ್ತದೆ? ಸಭಾಧ್ಯಕ್ಷರ ತಾಲಿಕೆಯಲ್ಲಿರುವ, ಅಂದರೆ ಸ್ಪೀಕರ್ ಇಲ್ಲದಾಗ ಕಲಾಪ ನಡೆಸುವವರ ಪಟ್ಟಿಯಲ್ಲಿರುವ, 10ಕ್ಕೆ ಮೀರದ ಸದಸ್ಯರಲ್ಲಿ ಒಬ್ಬರಿಗೆ. ಆ ತಾಲಿಕೆಯನ್ನು ಮಾಡುವವರು ಸ್ಪೀಕರ್. ಸದನ ಆರಿಸಿದ ಎರಡನೆಯ ವ್ಯಕ್ತಿಯ ಜಾಗಕ್ಕೆ, ಮೊದಲನೆಯ ವ್ಯಕ್ತಿ ನೇಮಿಸಿದವರು ಬಂದು ಕೂರುತ್ತಾರೆ. ಖಾಲಿ ಕುರ್ಚಿಯೆಂದರೆ ಬರಿಯ ಖಾಲಿತನವಲ್ಲ, ಅಧಿಕಾರ ಒಂದೇ ಕಡೆ ಕೂಡಿಕೊಳ್ಳುವ ಬಗೆ.

ಈ ಸ್ಥಾನವನ್ನು ಎದುರು ಪಾಳಯಕ್ಕೆ ಬಿಟ್ಟುಕೊಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತ್ತು ಎಂಬುದನ್ನು ಕನ್ನಡಿಗರು ನೆನೆಯಲು ಒಂದು ಕಾರಣವಿದೆ. 1991ರಲ್ಲಿ ಪಿ.ವಿ. ನರಸಿಂಹರಾವ್ ಅವರ ಕಾಂಗ್ರೆಸ್ ಸರ್ಕಾರವಿದ್ದಾಗ ಉಪ ಸ್ಪೀಕರ್ ಆದವರು, ತುಮಕೂರಿನಿಂದ ಬಿಜೆಪಿ ಸದಸ್ಯರಾಗಿ ಗೆದ್ದಿದ್ದ ಎಸ್. ಮಲ್ಲಿಕಾರ್ಜುನಯ್ಯ. ಅವರು 1996ರವರೆಗೆ ಆ ಸ್ಥಾನದಲ್ಲಿದ್ದರು. ಬಹುಮತವಿಲ್ಲದೆ ಆರಂಭವಾದ ಸರ್ಕಾರವೊಂದು ತನ್ನ ಎದುರಾಳಿ ಪಕ್ಷದವರಿಗೆ ಆ ಪೀಠವನ್ನು ಕೊಟ್ಟಿತ್ತು. ವಾಜಪೇಯಿ ಸರ್ಕಾರದ ಕಾಲದಲ್ಲಿ ಲಕ್ಷದ್ವೀಪದ ಕಾಂಗ್ರೆಸ್ಸಿಗ ಪಿ.ಎಂ. ಸಯೀದ್, ಮನಮೋಹನ್ ಸಿಂಗ್ ಸರ್ಕಾರದ ಕಾಲದಲ್ಲಿ ಅಕಾಲಿ ದಳದ ಚರಣ್‌ಜಿತ್ ಸಿಂಗ್ ಅಟ್ವಾಲ್, ಆಮೇಲೆ ಬಿಜೆಪಿಯ ಕರಿಯಾ ಮುಂಡಾ ಆ ಕುರ್ಚಿಯಲ್ಲಿದ್ದರು. ಕಾನೂನು ಹಾಗೆ ಹೇಳಿರಲಿಲ್ಲ. ರೂಢಿಯಷ್ಟೇ ಇದ್ದದ್ದು, ಆದ್ದರಿಂದಲೇ ಅದು ನಿಲ್ಲುವುದಕ್ಕೆ ಯಾವ ತಿದ್ದುಪಡಿಯೂ ಬೇಕಾಗಲಿಲ್ಲ.

ಕಾಲದ ಮೇಲಿನ ಹಿಡಿತ ಅತ್ಯಂತ ಹಾನಿ ಮಾಡಿರುವುದು ಪಕ್ಷಾಂತರದ ಅರ್ಜಿಗಳಲ್ಲಿ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 10ನೇ ಅನುಸೂಚಿ ಸೇರಿ, ಪಕ್ಷ ಬಿಟ್ಟವರನ್ನು ಅನರ್ಹಗೊಳಿಸುವ ಅಧಿಕಾರವನ್ನು ಸಂಸತ್ತಿನಲ್ಲಿ ಸ್ಪೀಕರ್ ಮತ್ತು ರಾಜ್ಯಸಭೆಯ ಸಭಾಪತಿಗೆ, ರಾಜ್ಯಗಳಲ್ಲಿ ಆಯಾ ಸದನದ ಪೀಠಕ್ಕೆ ಕೊಡಲಾಯಿತು. 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೈಕಿ ಮೂವರು ಈ ಏರ್ಪಾಟನ್ನು ಎತ್ತಿಹಿಡಿದರು. ಸ್ಪೀಕರ್ ಇಲ್ಲಿ ನ್ಯಾಯಮಂಡಳಿಯಂತೆ ಕೆಲಸ ಮಾಡುವುದರಿಂದ ಅವರ ಆದೇಶ ನ್ಯಾಯಾಂಗ ಪರಿಶೀಲನೆಗೆ ಒಳಪಟ್ಟದ್ದು, ಆದರೆ ಆದೇಶ ಹೊರಬೀಳುವ ಮುನ್ನ ನ್ಯಾಯಾಲಯ ಸಾಮಾನ್ಯವಾಗಿ ಕೈಹಾಕಬಾರದು ಎಂದು ಬಹುಮತದ ತೀರ್ಪು ಹೇಳಿತು. ಪೀಠದ ಗೌರವವನ್ನು ಕಾಪಾಡಲೆಂದು ಬರೆದ ಆ ಎರಡನೆಯ ಮಾತಿನಲ್ಲೇ ಮುಂದಿನ ಎಲ್ಲ ವಿಳಂಬಗಳಿಗೂ ದಾರಿ ಸಿಕ್ಕಿತು. ಆದೇಶವಿದ್ದರೆ ತಾನೆ ಪರಿಶೀಲನೆ? ಆದೇಶವನ್ನೇ ಕೊಡದಿದ್ದರೆ ಆಯಿತು. ಭಿನ್ನ ತೀರ್ಪು ಬರೆದ ಇಬ್ಬರು ನ್ಯಾಯಮೂರ್ತಿಗಳು, ಸದನದ ಬಹುಮತದ ಬೆಂಬಲ ಇರುವವರೆಗೆ ಮಾತ್ರ ಹುದ್ದೆಯಲ್ಲಿ ಉಳಿಯುವ ವ್ಯಕ್ತಿಯನ್ನು ಸ್ವತಂತ್ರ ನ್ಯಾಯನಿರ್ಣಾಯಕ ಎನ್ನಲಾಗದು ಎಂದು ಅಂದೇ ಎಚ್ಚರಿಸಿದ್ದರು. ಮೂವತ್ತು ವರ್ಷಗಳ ಅನುಭವ ಅವರ ಪರವಾಗಿ ಸಾಕ್ಷಿ ಹೇಳುತ್ತಿದೆ.

ಮಣಿಪುರದಲ್ಲಿ 2017ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಟಿಕೆಟಿನ ಮೇಲೆ ಗೆದ್ದ ಟಿ. ಶ್ಯಾಮ್‌ಕುಮಾರ್ ಸಿಂಗ್ ಕೆಲವೇ ದಿನಗಳಲ್ಲಿ ಬಿಜೆಪಿ ನೇತೃತ್ವದ ಸರ್ಕಾರದಲ್ಲಿ ಮಂತ್ರಿಯಾದರು. ಅವರ ಮೇಲಿನ ಅನರ್ಹತೆಯ ಅರ್ಜಿಗಳು 2020ರವರೆಗೂ ಸ್ಪೀಕರ್ ಮುಂದೆ ಕೊಳೆಯುತ್ತಿದ್ದವು. ಆ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ವಾರಗಳಲ್ಲಿ ತೀರ್ಮಾನಿಸಲು ಹೇಳಿ, ಇಂಥ ಅರ್ಜಿಗಳಿಗೆ ಸಾಮಾನ್ಯವಾಗಿ ಮೂರು ತಿಂಗಳು ಸಾಕು ಎಂದು ಸೂಚಿಸಿತು. ಈ ಕೆಲಸವನ್ನು ಸ್ಪೀಕರ್ ಕೈಯಿಂದ ತೆಗೆದು ನಿವೃತ್ತ ನ್ಯಾಯಮೂರ್ತಿಯ ನೇತೃತ್ವದ ಕಾಯಂ ನ್ಯಾಯಮಂಡಳಿಗೋ ಬೇರೊಂದು ಸ್ವತಂತ್ರ ವ್ಯವಸ್ಥೆಗೋ ಒಪ್ಪಿಸುವ ಬಗ್ಗೆ ಸಂಸತ್ತು ಯೋಚಿಸಲಿ ಎಂದಿತು. ನಾಲ್ಕು ವಾರಗಳಲ್ಲೂ ತೀರ್ಮಾನ ಬರಲಿಲ್ಲ. ಕಡೆಗೆ ಮಾರ್ಚ್‌ನಲ್ಲಿ ನ್ಯಾಯಾಲಯವೇ ತನ್ನ ವಿಶೇಷಾಧಿಕಾರ ಬಳಸಿ ಅವರನ್ನು ಮಂತ್ರಿಮಂಡಲದಿಂದ ಹೊರಗಿಟ್ಟು, ವಿಧಾನಸಭೆ ಪ್ರವೇಶಿಸದಂತೆ ತಡೆಯಿತು.

ಇದು ಒಂದು ಪಕ್ಷದ ರೋಗವೆಂದು ಯಾರೂ ಭಾವಿಸಬೇಕಿಲ್ಲ. ಆಂಧ್ರಪ್ರದೇಶದಲ್ಲಿ 2014ರ ನಂತರ ವೈಎಸ್‌ಆರ್ ಕಾಂಗ್ರೆಸ್ಸಿನ 23 ಶಾಸಕರು ಆಡಳಿತ ನಡೆಸುತ್ತಿದ್ದ ತೆಲುಗುದೇಶಂ ಕಡೆಗೆ ಹೋದರು, ಅವರಲ್ಲಿ ನಾಲ್ವರು ಮಂತ್ರಿಗಳೂ ಆದರು. ವಿಧಾನಸಭೆಯ ಅವಧಿ ಮುಗಿದರೂ ಅರ್ಜಿಗಳು ಇತ್ಯರ್ಥವಾಗಲಿಲ್ಲ. ತೆಲಂಗಾಣದಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದ ಮೇಲೆ ಭಾರತ ರಾಷ್ಟ್ರ ಸಮಿತಿಯ 10 ಶಾಸಕರ ಮೇಲಿನ ಅರ್ಜಿಗಳೂ ಇದೇ ಹಾದಿ ಹಿಡಿದವು. 2025ರ ಜುಲೈ 31ರಂದು ಸುಪ್ರೀಂ ಕೋರ್ಟ್ ಮತ್ತೆ ಮೂರು ತಿಂಗಳ ಗಡುವು ಹಾಕಬೇಕಾಯಿತು, ಸ್ಪೀಕರ್‌ಗೆ ಈ ಹೊಣೆ ಒಪ್ಪಿಸಿದ ಏರ್ಪಾಟು ಉದ್ದೇಶವನ್ನು ಪೂರೈಸುತ್ತಿದೆಯೇ ಎಂದು ಸಂಸತ್ತು ಪರಿಶೀಲಿಸಬೇಕೆಂದು ಮತ್ತೆ ಹೇಳಬೇಕಾಯಿತು. ಮತ್ತೊಂದು ಕಡೆ, ರಾಜ್ಯಸಭೆಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಸಂಯುಕ್ತ ಜನತಾದಳ ಕೊಟ್ಟ ಅರ್ಜಿಗಳ ಮೇಲೆ ಸಭಾಪತಿ ವೆಂಕಯ್ಯ ನಾಯ್ಡು ಡಿಸೆಂಬರಿನಲ್ಲೇ ಆದೇಶ ಹೊರಡಿಸಿ ಶರದ್ ಯಾದವ್ ಮತ್ತು ಅಲಿ ಅನ್ವರ್ ಅವರನ್ನು ಅನರ್ಹಗೊಳಿಸಿದರು. ಮೂರು ತಿಂಗಳಲ್ಲಿ ಮುಗಿಸಲು ಸಾಧ್ಯ ಎಂಬುದಕ್ಕೆ ಅದೇ ಪುರಾವೆ. ಅಲ್ಲಿ ಅನರ್ಹರಾದವರು ಆಡಳಿತ ಕೂಟವನ್ನು ವಿರೋಧಿಸಿದ್ದವರು ಎಂಬುದನ್ನೂ ಓದುಗರು ಪಕ್ಕದಲ್ಲಿಟ್ಟುಕೊಳ್ಳಬೇಕು.

ನಮ್ಮ ವಿಧಾನಸಭೆಯ 2019ರ ಜುಲೈ ಪ್ರಕರಣ ಇದೇ ಪ್ರಶ್ನೆಯ ಇನ್ನೊಂದು ಮುಖ. ಅಲ್ಲಿ ಮೊದಲು ಸ್ಪೀಕರ್ ಮುಂದಿದ್ದದ್ದು ಆಡಳಿತ ಮೈತ್ರಿಕೂಟದ ಶಾಸಕರ ರಾಜೀನಾಮೆ ಪತ್ರಗಳು. ರಾಜೀನಾಮೆ ಸ್ವಇಚ್ಛೆಯದ್ದೇ, ನಿಜವಾದದ್ದೇ ಎಂದು ಪೀಠ ವಿಚಾರಿಸಿ ನೋಡಬೇಕೆಂಬ ಮಾತು ಸಂವಿಧಾನಕ್ಕೆ ಸೇರಿದ್ದು 1974ರ 33ನೇ ತಿದ್ದುಪಡಿಯಿಂದ. ಸಂಸತ್ತಿಗೂ ರಾಜ್ಯಗಳಿಗೂ ಅದು ಒಂದೇ. ವಿಚಾರಣೆಗೆ ಎಷ್ಟು ದಿನ ಎಂಬುದು ಅಲ್ಲೂ ಇಲ್ಲ. ಸ್ಪೀಕರ್ ರಮೇಶ್ ಕುಮಾರ್ ಕಡೆಗೆ 17 ಶಾಸಕರನ್ನು ಅನರ್ಹಗೊಳಿಸಿ, ವಿಧಾನಸಭೆಯ ಉಳಿದ ಅವಧಿಯವರೆಗೆ ಅವರು ಚುನಾವಣೆಗೆ ನಿಲ್ಲದಂತೆ ಮಾಡಿದರು. ಆ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಅವಧಿಯ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಅಲ್ಲೊಂದು ಆದೇಶವಿತ್ತು, ಆದ್ದರಿಂದ ಅದರಲ್ಲಿ ಸರಿಯೆಷ್ಟು ತಪ್ಪೆಷ್ಟು ಎಂದು ನ್ಯಾಯಾಲಯ ಬೇರೆ ಬೇರೆಯಾಗಿ ನೋಡಲು ಸಾಧ್ಯವಾಯಿತು.

ಧನ ವಿಧೇಯಕದ, ಅಂದರೆ ತೆರಿಗೆ, ಸರ್ಕಾರಿ ವೆಚ್ಚದಂಥ ಹಣದ ವಿಷಯಗಳಿಗೆ ಮಾತ್ರ ಸಂಬಂಧಿಸಿದ ಮಸೂದೆಯ, ವಿಚಾರ ಸ್ವಲ್ಪ ಭಿನ್ನ; ಅಲ್ಲಿ ಪ್ರಶ್ನೆ ವಿಳಂಬದ್ದಲ್ಲ, ತೀರ್ಪಿನದೇ. ಮಸೂದೆಯೊಂದು ಧನ ವಿಧೇಯಕ ಹೌದೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ ಸ್ಪೀಕರ್ ನಿರ್ಣಯವೇ ಅಂತಿಮ ಎಂದು 110ನೇ ವಿಧಿ ಹೇಳುತ್ತದೆ, ಹೌದೆಂದರೆ ರಾಜ್ಯಸಭೆಗೆ ಅದನ್ನು ತಡೆಯುವ ಅಧಿಕಾರವಿಲ್ಲ. 2016ರ ಆಧಾರ್ ಕಾಯ್ದೆ ಹೀಗೇ ಬಂತು. ಆಧಾರ್ ಯೋಜನೆಯನ್ನೇ ಪ್ರಶ್ನಿಸಿ ಮೊದಲಿಗೆ ನ್ಯಾಯಾಲಯಕ್ಕೆ ಹೋಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ತೀರ್ಪಿನಲ್ಲಿ ಬಹುಮತ ಅದನ್ನು ಧನ ವಿಧೇಯಕವೆಂದು ಒಪ್ಪಿತು, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಪ್ಪಲಿಲ್ಲ, ಮರುವರ್ಷ ಇನ್ನೊಂದು ಸಂವಿಧಾನ ಪೀಠ ಆ ವಿವರಣೆಯ ಬಗ್ಗೆಯೇ ಸಂದೇಹಪಟ್ಟು ವಿಷಯವನ್ನು ಇನ್ನೂ ದೊಡ್ಡ ಪೀಠಕ್ಕೆ ಕಳಿಸಿತು.

ಪೀಠಕ್ಕೆ ಬೇಗ ಕೆಲಸ ಮಾಡಲು ಬರುವುದಿಲ್ಲವೆಂದಲ್ಲ. 2023ರ ಡಿಸೆಂಬರ್ 13ರಂದು ಲೋಕಸಭೆಯ ಒಳಗೆ ಇಬ್ಬರು ಹೊರಗಿನವರು ಜಿಗಿದ ಮೇಲೆ, ಗೃಹ ಸಚಿವರು ಹೇಳಿಕೆ ಕೊಡಬೇಕೆಂದು ಪಟ್ಟುಹಿಡಿದ ವಿರೋಧ ಪಕ್ಷಗಳ ಸದಸ್ಯರನ್ನು ತಂಡ ತಂಡವಾಗಿ ಅಮಾನತು ಮಾಡಲಾಯಿತು. ಆ ಚಳಿಗಾಲದ ಅಧಿವೇಶನ ಮುಗಿಯುವ ಹೊತ್ತಿಗೆ ಲೋಕಸಭೆಯಲ್ಲಿ 100, ರಾಜ್ಯಸಭೆಯಲ್ಲಿ 46 ಸದಸ್ಯರು ಹೊರಗಿದ್ದರು. ಅಮಾನತಿನ ವಿಧಾನ ಸರಳ: ಪೀಠ ಸದಸ್ಯರ ಹೆಸರು ಹೇಳುತ್ತದೆ, ಸರ್ಕಾರದ ಕಡೆಯವರು ಪ್ರಸ್ತಾವ ಮಂಡಿಸುತ್ತಾರೆ, ಧ್ವನಿಮತ ಮುಗಿಸುತ್ತದೆ. ಅದೇ ದಿನಗಳಲ್ಲಿ, ಇಡೀ ದೇಶದ ಕ್ರಿಮಿನಲ್ ಕಾನೂನುಗಳನ್ನು ಬದಲಿಸುವ ಮೂರು ಮಸೂದೆಗಳು ವಿರೋಧ ಪಕ್ಷದ ಬಹುಪಾಲು ಬೆಂಚುಗಳು ಖಾಲಿಯಿದ್ದಾಗ ಅಂಗೀಕಾರವಾದವು. ಫಲಕ ಹಿಡಿದು ಕೂಗುವುದು ಸಂಸದೀಯ ನಡವಳಿಕೆಯಲ್ಲ, ನಿಜ. ಗದ್ದಲವನ್ನೇ ನಿತ್ಯದ ಅಸ್ತ್ರ ಮಾಡಿಕೊಂಡ ವಿರೋಧ ಪಕ್ಷಗಳ ಹೊಣೆಯೂ ದೊಡ್ಡದು. 1989ರ ಮಾರ್ಚ್‌ನಲ್ಲಿ, ಇಂದಿರಾ ಗಾಂಧಿ ಹತ್ಯೆಯ ತನಿಖೆ ನಡೆಸಿದ ಠಕ್ಕರ್ ಆಯೋಗದ ವರದಿಯ ಗಲಾಟೆಯಲ್ಲಿ, ರಾಜೀವ್ ಗಾಂಧಿ ಅವರ ಭಾರಿ ಬಹುಮತದ ಸದನ ಒಂದೇ ದಿನ 63 ಸದಸ್ಯರನ್ನು ಹೊರಹಾಕಿತ್ತು. ಆದರೂ ಅಮಾನತಿಗೆ ನಿಮಿಷಗಳು, ಅನರ್ಹತೆಯ ಅರ್ಜಿಗೆ ವರ್ಷಗಳು ಎಂಬ ಲೆಕ್ಕದಲ್ಲಿ ಗಡಿಯಾರದ ಮುಳ್ಳು ಯಾವ ಕಡೆಗೆ ವಾಲಿದೆ ಎಂಬುದನ್ನು ಕಾಣದಿರಲಾಗದು.

ಪೀಠದಲ್ಲಿ ಕುಳಿತ ವ್ಯಕ್ತಿಗಳನ್ನು ದೂರಿ ಸುಮ್ಮನಾಗುವುದು ಸುಲಭ, ಆದರೆ ಅದು ಸರಿಯಾದ ರೋಗನಿದಾನವಲ್ಲ. ಬ್ರಿಟನ್ನಿನಲ್ಲಿ ಸ್ಪೀಕರ್ ಆದವರು ಪಕ್ಷ ಬಿಡುತ್ತಾರೆ, ಮುಂದಿನ ಚುನಾವಣೆಯಲ್ಲಿ ದೊಡ್ಡ ಪಕ್ಷಗಳು ಸಾಮಾನ್ಯವಾಗಿ ಅವರ ಎದುರು ಅಭ್ಯರ್ಥಿ ಹಾಕುವುದಿಲ್ಲ. ಐರ್ಲೆಂಡಿನ ಸಂವಿಧಾನವಂತೂ ನಿವೃತ್ತಿಯಾಗದ ಸಭಾಧ್ಯಕ್ಷರು ಮುಂದಿನ ಸದನಕ್ಕೆ ಮತದಾನವಿಲ್ಲದೆಯೇ ಆಯ್ಕೆಯಾಗಲು ಅವಕಾಶ ಕೊಟ್ಟಿದೆ. ನಮ್ಮ ಸ್ಪೀಕರ್ ಐದು ವರ್ಷಕ್ಕೊಮ್ಮೆ ಪಕ್ಷದ ಟಿಕೆಟಿಗಾಗಿ ಪಕ್ಷದ ಕಡೆಗೇ ನೋಡಬೇಕು. ಪೀಠ ಇಳಿದ ಮೇಲಿನ ಭವಿಷ್ಯವೂ ಅಲ್ಲೇ. ಜಿ.ಎಸ್. ಧಿಲ್ಲೋನ್ 1975ರಲ್ಲಿ ಸ್ಪೀಕರ್ ಸ್ಥಾನ ಬಿಟ್ಟು ನೇರವಾಗಿ ಮಂತ್ರಿಯಾದರು. ಬಲರಾಂ ಜಾಖಡ್ 1991ರಲ್ಲಿ ಕೃಷಿ ಸಚಿವರಾದರು, ಶಿವರಾಜ್ ಪಾಟೀಲ್ 2004ರಲ್ಲಿ ಗೃಹ ಸಚಿವರಾದರು. ನ್ಯಾಯಪೀಠದಂತಿರಬೇಕಾದ ಕುರ್ಚಿ ರಾಜಕೀಯ ಏಣಿಯ ಒಂದು ಮೆಟ್ಟಿಲೂ ಆಗಿರುವಾಗ, ಅದರಲ್ಲಿ ಕುಳಿತವರು ತಮ್ಮ ಪಕ್ಷಕ್ಕೆ ನೋವಾಗುವ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳಲಿ ಎಂದು ಬಯಸುವುದು ಮನುಷ್ಯಸ್ವಭಾವದ ಮೇಲೆ ಹೆಚ್ಚು ಭಾರ ಹೊರಿಸಿದಂತೆ.

ಹಾಗಿದ್ದೂ ಭಾರ ಹೊತ್ತವರಿದ್ದಾರೆ. ನೀಲಂ ಸಂಜೀವ ರೆಡ್ಡಿ 1967ರಲ್ಲಿ ಸ್ಪೀಕರ್ ಆದ ಕೂಡಲೇ ಕಾಂಗ್ರೆಸ್ಸಿಗೆ ರಾಜೀನಾಮೆ ಕೊಟ್ಟರು. ಅವರು 1977ರಲ್ಲಿ ಎರಡನೆಯ ಸಲ ಸ್ಪೀಕರ್ ಆಗಿ, ಕೆಲವೇ ತಿಂಗಳಲ್ಲಿ ರಾಷ್ಟ್ರಪತಿಯಾದಾಗ ಆ ಪೀಠಕ್ಕೆ ಬಂದವರು ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ. 1973ರಲ್ಲಿ ತಮ್ಮ ಹಿರಿತನ ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿನ ಹುದ್ದೆಯನ್ನೇ ಬಿಟ್ಟು ಬಂದಿದ್ದವರು, ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆ ಸೇರಿದ್ದರು. 2008ರ ಜುಲೈನಲ್ಲಿ ಎಡಪಕ್ಷಗಳು ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಾಗ ಸಿಪಿಎಂ ತನ್ನ ಸದಸ್ಯರ ಪಟ್ಟಿಯಲ್ಲಿ ಸ್ಪೀಕರ್ ಸೋಮನಾಥ ಚಟರ್ಜಿ ಅವರ ಹೆಸರನ್ನೂ ಸೇರಿಸಿತ್ತು. ಅವರು ಪೀಠ ಬಿಡಲಿಲ್ಲ, ಜುಲೈ 22ರ ವಿಶ್ವಾಸಮತವನ್ನು ತಾವೇ ನಡೆಸಿದರು, ಮರುದಿನ ಪಕ್ಷ ಅವರನ್ನು ಹೊರಹಾಕಿತು. ನಾಲ್ಕು ದಶಕಗಳ ಪಕ್ಷದ ನಂಟು ಒಂದು ದಿನದಲ್ಲಿ ಹೋಯಿತು. ಇಂಥ ನಿಷ್ಠೆಯನ್ನು ಮೆಚ್ಚಿಕೊಳ್ಳೋಣ, ಆದರೆ ಪ್ರತಿಯೊಬ್ಬ ಸ್ಪೀಕರ್ ಸೋಮನಾಥ ಚಟರ್ಜಿಯಾಗಲಿ ಎಂಬ ಹಾರೈಕೆಯ ಮೇಲೆ ಒಂದು ಸಂಸ್ಥೆಯನ್ನು ನಿಲ್ಲಿಸಲಾಗದು.

ಪದಚ್ಯುತಿಯ ಮಾರ್ಗ ಇದೆಯಲ್ಲ ಎಂದರೆ, ಅದು ಈ ಬಗೆಯ ವಿಳಂಬಕ್ಕೆ ಮದ್ದಲ್ಲ. 14 ದಿನಗಳ ನೋಟಿಸು, ಸದನದ ಆಗಿನ ಎಲ್ಲ ಸದಸ್ಯರ ಬಹುಮತ ಬೇಕು. 1954, 1966 ಮತ್ತು 1987ರಲ್ಲಿ ಬಂದ ಇಂಥ ನಿರ್ಣಯಗಳು ಯಾವುವೂ ಗೆಲ್ಲಲಿಲ್ಲ, ಗೆಲ್ಲುವ ಹಾಗೂ ಇರಲಿಲ್ಲ, ಏಕೆಂದರೆ ಸ್ಪೀಕರ್ ಅವರನ್ನು ಆರಿಸಿದ ಬಹುಮತವೇ ಅವರನ್ನು ಉಳಿಸಿಕೊಳ್ಳುತ್ತದೆ.

ಸಂವಿಧಾನ ತಿದ್ದಿ ಸ್ವತಂತ್ರ ನ್ಯಾಯಮಂಡಳಿ ರಚಿಸುವುದು ಸರಿಯಾದ ದಾರಿಯೇ, ಆದರೆ ಅದಕ್ಕೆ ಮೂರನೇ ಎರಡರ ಬಹುಮತ ಬೇಕು. ತಮಗೆ ಅನುಕೂಲವಾಗಿರುವ ಏರ್ಪಾಟನ್ನು ಬಿಟ್ಟುಕೊಡಲು ಆಡಳಿತದಲ್ಲಿರುವ ಪಕ್ಷಗಳಿಗೆ ಅವಸರವೇನೂ ಇರುವುದಿಲ್ಲ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಗಡುವು ಹಾಕುವುದಕ್ಕೆ ಸಂವಿಧಾನದ ತಿದ್ದುಪಡಿ ಬೇಡ. ಲೋಕಸಭೆ ತನ್ನ ನಡಾವಳಿ ನಿಯಮಗಳನ್ನು 118ನೇ ವಿಧಿಯಡಿ ತಾನೇ ಬದಲಿಸಿಕೊಳ್ಳಬಹುದು. 8ನೇ ನಿಯಮದಲ್ಲಿ, ಉಪ ಸ್ಪೀಕರ್ ಚುನಾವಣೆ ಸ್ಪೀಕರ್ ಆಯ್ಕೆಯಾದ ಇಷ್ಟು ದಿನಗಳೊಳಗೆ ನಡೆಯಬೇಕು ಎಂಬ ಒಂದು ಸಾಲು ಸೇರಿದರೆ 93ನೇ ವಿಧಿಯ 'ಆದಷ್ಟು ಬೇಗ'ಕ್ಕೆ ಅರ್ಥ ಬರುತ್ತದೆ. 198ನೇ ನಿಯಮದಲ್ಲಿ, ನೋಟಿಸಿಗೆ 50 ಸದಸ್ಯರ ಸಹಿಯಿದ್ದರೆ ಅದನ್ನೇ ಬೆಂಬಲವೆಂದು ಎಣಿಸಬಹುದು ಎಂದರೆ ಗದ್ದಲದಲ್ಲಿ ತಲೆ ಎಣಿಸುವ ತೊಡಕೇ ಇರುವುದಿಲ್ಲ.

ಪಕ್ಷಾಂತರದ ಅರ್ಜಿಗಳಿಗೆ ದಾರಿ ಇನ್ನೂ ಹತ್ತಿರದಲ್ಲಿದೆ. 10ನೇ ಅನುಸೂಚಿಯ 8ನೇ ಪ್ಯಾರಾ, ಅದನ್ನು ಜಾರಿಗೊಳಿಸುವ ನಿಯಮಗಳನ್ನು ರೂಪಿಸುವ ಅಧಿಕಾರವನ್ನು ಸ್ಪೀಕರ್‌ಗೇ ಕೊಟ್ಟಿದೆ; ಲೋಕಸಭೆಗೆ 1985ರಲ್ಲಿ ಮಾಡಿದ ನಿಯಮಗಳು ಬಂದದ್ದು ಹೀಗೆ. ಅರ್ಜಿಯ ಪ್ರತಿ ತಲುಪಿದ ಸದಸ್ಯ ಏಳು ದಿನಗಳೊಳಗೆ ಉತ್ತರ ಕೊಡಬೇಕೆಂದು ಆ ನಿಯಮಗಳಲ್ಲಿ ಅಂಕಿ ಹಾಕಿ ಬರೆದಿದೆ. ಉತ್ತರ ಬಂದ ಮೇಲೆ ಸ್ಪೀಕರ್ ಎಷ್ಟು ದಿನಗಳೊಳಗೆ ತೀರ್ಮಾನಿಸಬೇಕು ಎಂಬಲ್ಲಿ ಅಂಕಿಯಿಲ್ಲ. ಸುಪ್ರೀಂ ಕೋರ್ಟ್ ಎರಡು ಸಲ ಹೇಳಿರುವ ಮೂರು ತಿಂಗಳನ್ನು ಅಲ್ಲಿ ಬರೆಯಲು ಸ್ಪೀಕರ್ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಬರೆದು, ಮೂವತ್ತು ದಿನ ಸದನದ ಮುಂದಿಟ್ಟು, ಅಷ್ಟರಲ್ಲಿ ಸದನ ಅದನ್ನು ತಿರಸ್ಕರಿಸದಿದ್ದರೆ ಸಾಕು.